ಟ್ರೇಲರ್ ಎಳೆಯುವಾಗ ಟೈರಿಗೆ ಎಷ್ಟು ಗಾಳಿ: 35, 44, ಇಲ್ಲಾ ನಡುವಿನದು?

ಪಿಕಪ್‌ಗೆ ಟ್ರೇಲರ್ ಕಟ್ಟಿದರೆ ಗಾಳಿ ಎಷ್ಟಿರಬೇಕು? ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಇರುವಷ್ಟೇ (ನನ್ನ ಗಾಡಿಗೆ 35) ಸಾಕು ಅನ್ನುವವರಿದ್ದಾರೆ. ಟೈರಿನ ಮೇಲೆ ಬರೆದ ಮ್ಯಾಕ್ಸಿಮಮ್‌ವರೆಗೂ (ನನ್ನದರಲ್ಲಿ 44) ಹೊಡೆಸಿ ಅನ್ನುವವರೂ ಇದ್ದಾರೆ. ನನ್ನ ಫೋರ್ಡ್ ಎಫ್-150 ಪಿಕಪ್‌ನಲ್ಲಿ ಎರಡನ್ನೂ ನೋಡಿದೆ, ನಡುವಿನದನ್ನೂ ನೋಡಿದೆ. ದಾರಿ ಮಾತ್ರ ಒಂದೇ: ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ಐ-80 ಹೆದ್ದಾರಿಯಲ್ಲಿ ಡಾನರ್ ಸಮಿಟ್ ಘಾಟಿ ಹತ್ತಿ ಟ್ರಕಿ ಊರಿಗೆ.

ಟ್ರೇಲರ್ ತೂಕ ಸುಮಾರು 5,000 ಪೌಂಡ್. ಅದರ 10ರಿಂದ 15 ಪರ್ಸೆಂಟ್ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರಬೇಕು, ಅಂದ್ರೆ 500ರಿಂದ 750 ಪೌಂಡ್. ಹಿಚ್ ಇರೋದು ಹಿಂದಿನ ಚಕ್ರಗಳಿಗಿಂತ ಆಚೆ. ಹಾಗಾಗಿ ಹಿಂದಿನ ಟೈರುಗಳ ಮೇಲೆ ಅದಕ್ಕಿಂತ ಜಾಸ್ತಿಯೇ ಬೀಳುತ್ತದೆ, ಮುಂದಿನವು ಹಗುರಾಗುತ್ತವೆ.

ನಾಲ್ಕಕ್ಕೂ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದಾಗ ಗಾಡಿ ಮೆತ್ತಗೆ ಹೋಗುತ್ತದೆ. ಆದರೆ ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದರೆ ಹಿಂಭಾಗ ಒಂದು ಕಡೆ ವಾಲಿ ತಡವಾಗಿ ವಾಪಸ್ ಬರುತ್ತದೆ. ತಿರುವಿನಲ್ಲೂ ಅದೇ ಓಲಾಟ. ಇಳಿಜಾರಿನಲ್ಲಿ ಅದು ನನಗೆ ಇಷ್ಟವಾಗಲಿಲ್ಲ.

44ಕ್ಕೆ ಏರಿಸಿದಾಗ ಹಿಂಭಾಗ ಗಟ್ಟಿಯಾಗಿ ನಿಂತಿತು. ತೊಂದರೆ ಮುಂದೆ. ಮೊದಲೇ ಹಗುರಾದ ಮುಂದಿನ ಟೈರು ಇನ್ನೂ ಬಿಗಿಯಾಗಿ, ಕಾಂಕ್ರೀಟ್ ಜಾಯಿಂಟ್ ಬಂದಾಗಲೆಲ್ಲ ಪುಟಿಯಿತು, ಸ್ಟೀರಿಂಗ್ ಹಿಡಿತವೇ ಕಮ್ಮಿ ಅನ್ನಿಸಿತು. ಇಲ್ಲಿ ಒಂದು ತಪ್ಪು ನಂಬಿಕೆ ಇದೆ, ದಯವಿಟ್ಟು ಗಮನಿಸಿ. ಗಾಳಿ ಹೆಚ್ಚಿಸಿದಷ್ಟೂ ಟೈರು ಹೆಚ್ಚು ಭಾರ ಹೊರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಸಾಮಾನ್ಯ 'ಪಿ' (ಪ್ಯಾಸೆಂಜರ್) ಟೈರಿನ ಪೂರ್ತಿ ಲೋಡ್ ಸಿಗೋದು 35ಕ್ಕೇ. ಅದರ ಮೇಲೆ ಹಾಕಿದ ಗಾಳಿಯಿಂದ ಓಲಾಟ ಕಮ್ಮಿಯಾಗುತ್ತದೆ, ಹೊರುವ ಶಕ್ತಿ ಹೆಚ್ಚಾಗಲ್ಲ. ಎಲ್‌ಟಿ (ಲೈಟ್ ಟ್ರಕ್) ಟೈರಿನ ಲೆಕ್ಕ ಬೇರೆ. ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಇ ಆದರೆ 80 ಪಿಎಸ್‌ಐವರೆಗೂ ಗಾಳಿ ಏರಿದಂತೆ ಭಾರವೂ ಏರುತ್ತದೆ. ಅದಕ್ಕೆ 35 ಇಟ್ಟರೆ ಅದೇ ಸೈಜಿನ 'ಪಿ' ಟೈರಿಗಿಂತ ಕಮ್ಮಿಯೇ ಹೊರುತ್ತದೆ.

ನನ್ನ ಗಾಡಿಗೆ ಒಗ್ಗಿದ್ದು ಮುಂದೆ 35, ಹಿಂದೆ 41. ಟ್ರೇಲರ್ ಕಟ್ಟಿ, ಹಿಂದಿನ ಟೈರಿನ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದೆ. 35ರಲ್ಲಿ ಅಂಚುಗಳ ಸುಣ್ಣ ಮೊದಲು ಅಳಿಸಿತ್ತು, 44ರಲ್ಲಿ ನಡುವಿನದು. 41ರಲ್ಲಿ ಗೆರೆ ಒಂದೇ ಸಮ ಮಾಸಿತ್ತು. ನಿಮ್ಮ ಗಾಡಿಗೆ 39 ಬರಬಹುದು, 42 ಬರಬಹುದು. ಸ್ಟಿಕ್ಕರ್‌ಗಿಂತ ಕೆಳಗೆ, ಟೈರಿನ ಮ್ಯಾಕ್ಸಿಮಮ್‌ಗಿಂತ ಮೇಲೆ ಹೋಗಬೇಡಿ, ಅಷ್ಟೇ.

ಗಾಳಿ ನೋಡಬೇಕಾದ್ದು ಟೈರು ತಣ್ಣಗಿದ್ದಾಗ, ಗಾಡಿ ಮೂರು ಗಂಟೆಯಾದರೂ ನಿಂತ ಮೇಲೆ. ಬಿಸಿ ಟೈರಿನಲ್ಲಿ ಗಾಳಿ ಏರಿದೆ ಅಂತ ಹೊರಗೆ ತೆಗೆಯಬೇಡಿ. 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಎತ್ತರಕ್ಕೆ ಹೋದರೆ ಉಲ್ಟಾ, ಗೇಜ್ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಅದಕ್ಕೇ ಟ್ರಕಿಯ ಚಳಿಯಲ್ಲಿ ರಾತ್ರಿ ಕಳೆದರೆ, ಬೆಳಿಗ್ಗೆ ಹೊರಡೋ ಮೊದಲು ಇನ್ನೊಮ್ಮೆ ಗೇಜ್ ಹಿಡಿಯುತ್ತೇನೆ. ಡ್ಯಾಶ್‌ಬೋರ್ಡಿನ ವಾರ್ನಿಂಗ್ ಲೈಟ್ ನಂಬಿ ಕೂರುವಂತಿಲ್ಲ. ಸ್ಟಿಕ್ಕರ್‌ಗಿಂತ 25 ಪರ್ಸೆಂಟ್ ಇಳಿಯುವ ತನಕ ಅದು ಹೊತ್ತದೇ ಇರಬಹುದು.

ಟ್ರೇಲರ್‌ನ ಎಸ್‌ಟಿ (ಸ್ಪೆಷಲ್ ಟ್ರೇಲರ್) ಟೈರಿಗೆ ಈ ಯೋಚನೆಯೇ ಇಲ್ಲ. ಅದರ ಮೇಲೆ ಬರೆದ ಮ್ಯಾಕ್ಸಿಮಮ್ ಗಾಳಿಯನ್ನೇ ತುಂಬಿ. ಮನೆಗೆ ಬಂದು ಟ್ರೇಲರ್ ಬಿಚ್ಚಿದ ಮೇಲೆ ಪಿಕಪ್‌ನ ಹಿಂದಿನ ಎರಡನ್ನೂ 35ಕ್ಕೆ ಇಳಿಸಿ. ಖಾಲಿ ಗಾಡಿ 41ರಲ್ಲಿ ಒದ್ದೆ ರಸ್ತೆಯ ಮೇಲೆ ಬೇಗ ಜಾರುತ್ತದೆ.