ಹಳೆಯ ಆಕ್ಟೇವಿಯಾ ಆರ್‌ಎಸ್‌ಗೆ ಯಾವ ಸ್ಪ್ರಿಂಗ್? ನನ್ನ ಓಟು ಕಂಪನಿ ಅಳತೆಗೇ

2004ರಲ್ಲಿ ನಮ್ಮಲ್ಲಿಗೆ ಬಂದ 1.8 ಟರ್ಬೊ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗಳಿಗೆ ಈಗ ಸ್ಪ್ರಿಂಗ್ ಬದಲಿಸುವ ವಯಸ್ಸು. ಮುಂದಿನ ಸ್ಪ್ರಿಂಗಿನ ಕೊನೆಯ ಸುತ್ತು ತುಕ್ಕು ಹಿಡಿದು ಮುರಿಯುವುದು ಇವುಗಳ ಮಾಮೂಲಿ ಕಾಯಿಲೆ. ಕಲ್ಲು ಬಡಿದು ಲೇಪ ಎದ್ದಿರುತ್ತದೆ, ಸ್ಪ್ರಿಂಗ್ ಕೂರುವ ಕೆಳಗಿನ ಬಟ್ಟಲಿನಲ್ಲಿ (ಸೀಟ್) ಕೆಸರುನೀರು ನಿಲ್ಲುತ್ತದೆ. ಮುರಿದ ತುಂಡು ಅಲ್ಲೇ ಕೂತಿದ್ದರೆ ಹೊರಗಿನಿಂದ ಕಾಣುವುದೂ ಇಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ‘ಟಂಗ್’ ಎಂದು ಸದ್ದು, ಒಂದು ಪಕ್ಕ ಬೆರಳಗಲ ತಗ್ಗು, ಅಷ್ಟೇ ಸುಳಿವು.

ಎದುರಿಗಿರುವ ಆಯ್ಕೆಗಳಲ್ಲಿ ಲೆಸ್ಯೋಫೋರ್ಸ್, ಕೀಲೆನ್ ತರಹದ ಬಿಡಿಭಾಗ ತಯಾರಕರು ಮಾಡುವ ಕಂಪನಿ ಅಳತೆಯ (ಕಾರಿನ ಮೂಲ ಎತ್ತರವನ್ನೇ ಉಳಿಸುವ) ಸ್ಪ್ರಿಂಗಿಗೆ ನನ್ನ ಓಟು. ಉಳಿದವು ಯಾಕೆ ಬೇಡ ಅನ್ನುವುದನ್ನು ಬೇಗ ಮುಗಿಸುತ್ತೇನೆ.

ಇರುವ ಸ್ಪ್ರಿಂಗನ್ನೇ ಕತ್ತರಿಸುವುದು: ಬೇಡವೇ ಬೇಡ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಗಡಸುತನ ಶೇ. 20 ಏರುತ್ತದೆ, ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಸುತ್ತಿನ ನಡುವೆ ರಬ್ಬರ್ ಬಫರ್ ತುರುಕುವುದೂ ಇದೇ ಜಾತಿ.

ಕಾಯಿಲ್‌ಓವರ್ (ಥ್ರೆಡ್ ತಿರುಗಿಸಿ ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ): ಟ್ರ್ಯಾಕಿಗೆ ಹೋಗುವವರಿಗೆ. ನಮ್ಮ ಮಳೆಗಾಲದ ಕೆಸರಿಗೆ ಅದರ ಥ್ರೆಡ್ ಕಚ್ಚಿಕೊಂಡರೆ ಎತ್ತರ ಬದಲಿಸುವ ಸೌಲಭ್ಯಕ್ಕೆ ಕೊಟ್ಟ ದುಡ್ಡು ದಂಡ.

30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ (ಐಬಾಖ್ ಪ್ರೊ-ಕಿಟ್ ತರಹದ್ದು) ನಿಜಕ್ಕೂ ಆಸೆ ಹುಟ್ಟಿಸುತ್ತದೆ. ಚಾರ್ಮಾಡಿ ತಿರುವುಗಳಲ್ಲಿ ಕಾರು ವಾಲುವುದು ಕಡಿಮೆ, ನೋಡಲೂ ಚೆಂದ. ಆದರೆ ಈ ಎಂಜಿನ್ನಿನ ಆಯಿಲ್ ಚೇಂಬರ್ (ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಅಲ್ಯುಮಿನಿಯಂದು, ಮೊದಲೇ ತಗ್ಗಿನಲ್ಲಿ ನೇತಾಡುವಂಥದ್ದು. ನಾಲ್ಕು ಜನ ಕೂತು ಡಿಕ್ಕಿ ತುಂಬಿಸಿ ಊರ ಹಂಪಿನ ಮೇಲೆ ಹೋದರೆ ಆ 30 ಮಿ.ಮೀ. ಬೆಲೆ ತಿಳಿಯುತ್ತದೆ. ತಗಡಾಗಿದ್ದರೆ ನೆಗ್ಗುತ್ತಿತ್ತು, ಇದು ಸೀಳುತ್ತದೆ. ಆಯಿಲ್ ದೀಪ ಕೆಂಪಾದರೆ ಆ ಕ್ಷಣವೇ ಎಂಜಿನ್ ಆಫ್ ಮಾಡಬೇಕು, ಇಲ್ಲದಿದ್ದರೆ ಟರ್ಬೊ ಮೊದಲು ಹೋಗುತ್ತದೆ. ಜೊತೆಗೆ ಬಂಪ್ ಸ್ಟಾಪ್ (ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರ್) ಕತ್ತರಿಸದೆ ಹಾಕಿದರೆ ಸಣ್ಣ ಗುಂಡಿಗೂ ಕಾರು ಅದರ ಮೇಲೇ ಬಡಿಯುತ್ತದೆ. ಬೈಸಿಕೊಳ್ಳುವುದು ಮಾತ್ರ ಸ್ಪ್ರಿಂಗ್.

ಇನ್ನು ನನ್ನ ಮೆಚ್ಚಿನದರ ಒಂದೇ ಒಂದು ಕಿರಿಕಿರಿ. ಬಿಡಿಭಾಗದ ಅಂಗಡಿಯಲ್ಲಿ ಕೇಳುವುದು “ಪೆಟ್ರೋಲಾ, ಡೀಸೆಲ್ಲಾ?” ಅಷ್ಟೇ. ಅದು ಸಾಲದು. ಈ ಕಾರಿನ ಸ್ಪ್ರಿಂಗ್ ನಿರ್ಧಾರವಾಗುವುದು ಆ್ಯಕ್ಸಲ್ ಮೇಲೆ ಬೀಳುವ ತೂಕದಿಂದ. ಎಂಜಿನ್ ಒಂದೇ ಆದರೂ ಸನ್‌ರೂಫ್, ಗೇರ್‌ಬಾಕ್ಸ್ ಬದಲಾದರೆ ಸ್ಪ್ರಿಂಗೂ ಬದಲಾಗಬಹುದು. ಸ್ಟೆಪ್ನಿ ಇಡುವ ಗುಂಡಿಯಲ್ಲೂ ಸರ್ವಿಸ್ ಪುಸ್ತಕದಲ್ಲೂ ಅಂಟಿಸಿರುವ ಚೀಟಿಯಲ್ಲಿ ಮೂರಕ್ಷರದ ಸಂಕೇತಗಳ ಸಾಲು ಇರುತ್ತದೆ. ‘0ಜೆ’ (0J)ಯಿಂದ ಶುರುವಾಗುವುದು ಮುಂದಿನದು, ‘0ವೈ’ (0Y)ಯಿಂದ ಶುರುವಾಗುವುದು ಹಿಂದಿನದು. ಅದನ್ನು ಫೋಟೊ ತೆಗೆದು ಕಳಿಸಿ, ಅದಕ್ಕೆ ಹೊಂದುವ ಪಾರ್ಟ್ ನಂಬರ್ ಬಂದ ಮೇಲೆಯೇ ದುಡ್ಡು ಕೊಡಿ.

ಚೀಟಿ ಕಿತ್ತುಹೋಗಿದ್ದರೆ ಹಳೆಯ ಸ್ಪ್ರಿಂಗಿನ ಮೇಲಿನ ಬಣ್ಣದ ಚುಕ್ಕೆಗಳನ್ನು ಹುಡುಕಬೇಕು. ನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ವೈರ್ ಬ್ರಷ್ ಹಾಕಿದರೆ ಮಣ್ಣಿನ ಜೊತೆ ಬಣ್ಣವೂ ಹೋಗುತ್ತದೆ. ಬಣ್ಣವೂ ಉಳಿದಿಲ್ಲವೆಂದರೆ ವರ್ನಿಯರ್‌ನಲ್ಲಿ ತಂತಿಯ ದಪ್ಪ ಅಳೆಯಿರಿ, ಸುತ್ತು ಎಣಿಸಿ. ಕಣ್ಣಳತೆ ಇಲ್ಲಿ ನಡೆಯದು: ಗಡಸುತನ ದಪ್ಪದ ನಾಲ್ಕನೇ ಘಾತದಲ್ಲಿ ಏರುವುದರಿಂದ, ಉಳಿದದ್ದೆಲ್ಲ ಒಂದೇ ಇದ್ದರೂ 12 ಮಿ.ಮೀ. ಬದಲು 13 ಆದರೆ ಸುಮಾರು ಶೇ. 38 ಗಡಸು. ನಮ್ಮಲ್ಲಿ 1.9 ಡೀಸೆಲ್ ಕಾರುಗಳೇ ಹೆಚ್ಚು, ಅಂಗಡಿಯಲ್ಲಿ ಸುಲಭಕ್ಕೆ ಕೈಗೆ ಸಿಗುವುದೂ ಅದರದ್ದೇ. “ಎಲ್ಲಾ ಒಂದೇ ಸಾರ್” ಎಂದು ಅದನ್ನೇ ಕೊಟ್ಟರೆ ಕಾರು ಮೂತಿ ಎತ್ತಿಕೊಂಡು ನಿಲ್ಲುತ್ತದೆ.

ಕೂರಿಸುವಾಗ ಎಡ-ಬಲ ಜೋಡಿಯಾಗಿಯೇ ಬದಲಿಸಿ. ಕೆಲಸಕ್ಕೆ ಮುಂಚೆ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಹಿಂದಿನದು ಸುಲಭ: ಎರಡೂ ಶಾಕಿನ ಕೆಳಬೋಲ್ಟ್ ಬಿಚ್ಚಿ ಎರಡೂ ಹಿಂಚಕ್ರ ಸೇರಿಸುವ ಬೀಮ್ ಇಳಿಸಿದರೆ ಸ್ಪ್ರಿಂಗ್ ಕೈಗೇ ಬರುತ್ತದೆ, ಬ್ರೇಕ್ ಹೋಸ್ ಎಳೆಯದಂತೆ ನೋಡಿಕೊಂಡರಾಯಿತು. ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಸೇರಿದ ಕಂಬ) ಹಿಡಿದಿರುವ ಚಕ್ರದ ಹಬ್‌ನ ಸೀಳನ್ನು ಅಗಲಿಸಲು ಸ್ಪ್ರೆಡರ್ ಹಾಕಿ ಕಾಲು ಸುತ್ತು ತಿರುಗಿಸಬೇಕು. ಉಳಿ ಹೊಡೆಯುವ ಮೆಕ್ಯಾನಿಕ್ ಆದರೆ ಕಾರು ವಾಪಸ್ ತನ್ನಿ. ಸ್ಟ್ರಟ್ ಬಿಚ್ಚಿದ ಮೇಲೆ ಮೇಲಿನ ಮೌಂಟ್, ಬೇರಿಂಗ್ ಹೊಸದೇ ಹಾಕಿ. ಆ ಬೇರಿಂಗ್ ತಲೆಕೆಳಗಾಗಿಯೂ ಕೂರುತ್ತದೆ, ಹಾಗಾಗಿ ಹಳೆಯದರ ಯಾವ ಮುಖ ಮೇಲಿತ್ತೆಂದು ಗುರುತು ಮಾಡಿಕೊಳ್ಳಿ. ತಲೆಕೆಳಗಾದರೆ ಅದೇ ‘ಟಂಗ್’ ಮತ್ತೆ ಶುರು. ಸ್ಪ್ರಿಂಗಿನ ತುದಿ ಸೀಟಿನ ತಡೆಗೆ ತಾಗಿರಬೇಕು. ರಬ್ಬರ್ ಬುಷ್ ಇರುವ ಯಾವ ಬೋಲ್ಟ್ ಸಡಿಲಿಸಿದ್ದರೂ ಕೊನೆಯ ಬಿಗಿತ ಕಾರು ನೆಲದ ಮೇಲೆ ನಿಂತ ಮೇಲೆಯೇ. ಜಾಕ್ ಮೇಲೆ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಒಬ್ಬರೇ ಓಡಿಸುವ, ಭಾನುವಾರ ಮಾತ್ರ ಹೊರತೆಗೆಯುವ ಕಾರಾದರೆ ತಗ್ಗಿಸುವ ಸ್ಪ್ರಿಂಗ್ ಹಾಕಿಕೊಳ್ಳಿ, ಕೆಳಗೊಂದು ಗಟ್ಟಿ ಚೇಂಬರ್ ಗಾರ್ಡ್ ಇರಲಿ. ನನ್ನದು ಮನೆಮಂದಿಯನ್ನು ತುಂಬಿಕೊಂಡು ಘಾಟಿ ಇಳಿಯುವ ಕಾರು, ಬಜೆಟ್ಟೂ ಬಿಗಿ. ಕಂಪನಿ ಅಳತೆಯದು ಹಾಕಿ, ಉಳಿದ ದುಡ್ಡನ್ನು ನಾಲ್ಕು ಹೊಸ ಶಾಕಿಗೆ ಹಾಕುವುದೇ ನನಗೆ ಒಪ್ಪಿಗೆ. ಅಲೈನ್‌ಮೆಂಟ್ ಮಾತ್ರ ಅದೇ ದಿನ ಒಮ್ಮೆ, ಕಾರು ಓಡಿ ಹೊಸ ಸ್ಪ್ರಿಂಗ್ ತನ್ನ ಎತ್ತರಕ್ಕೆ ಇಳಿದು ಕೂತ ಮೇಲೆ ಇನ್ನೊಮ್ಮೆ.