ಸಿಂಗಲ್ ಫೇಸ್ ಮನೆಯಲ್ಲಿ ತ್ರೀ ಫೇಸ್ ಮೋಟಾರು: ಕಂಡೆನ್ಸರ್, ರೋಟರಿ, ಇನ್ವರ್ಟರ್

ಸೇಡಂ ತಾಲ್ಲೂಕಿನ ನಮ್ಮ ಮನೆಗಿರುವುದು ಸಿಂಗಲ್ ಫೇಸ್ ಸಂಪರ್ಕ. ತೊಗರಿ ಒಡೆಯುವ ಯಂತ್ರಕ್ಕಿರುವುದು 2 ಎಚ್‌ಪಿ, ಅಂದರೆ 1.5 ಕಿಲೋವಾಟಿನ ತ್ರೀ ಫೇಸ್ ಮೋಟಾರು. ಸಿಂಗಲ್ ಫೇಸಿನಲ್ಲಿ ಇದನ್ನು ಓಡಿಸಲು ಕಂಡೆನ್ಸರ್ (ಕೆಪ್ಯಾಸಿಟರ್), ರೋಟರಿ, ಇನ್ವರ್ಟರ್ ಎಂಬ ಮೂರು ವಿಧಾನಗಳನ್ನೂ ಇದರ ಮೇಲೆಯೇ ಪರೀಕ್ಷಿಸಿದ್ದೇನೆ. ಮೋಟಾರಿನ ಮೂರು ಸುರುಳಿಗಳ ಒಂದೊಂದು ತುದಿ ಒಂದೆಡೆ ಕೂಡಿರುವ 415 ವೋಲ್ಟಿನ ಸ್ಟಾರ್ ಜೋಡಣೆಯನ್ನು, ಅವು ತ್ರಿಕೋನದಂತೆ ಸೇರುವ ಡೆಲ್ಟಾಗೆ ಬದಲಿಸುವುದು ಮೂರಕ್ಕೂ ಅಗತ್ಯ. ಆಗ ಅದೇ ಸುರುಳಿಗಳು 240 ವೋಲ್ಟಿಗೆ ಹೊಂದುತ್ತವೆ, ಲೈನಿನ ಕರೆಂಟು ಮಾತ್ರ ಸುಮಾರು 3.5ರಿಂದ 6 ಆಂಪಿಯರಿಗೆ ಏರುತ್ತದೆ.

ಕಂಡೆನ್ಸರ್ ವಿಧಾನ ಎಲ್ಲಕ್ಕಿಂತ ಅಗ್ಗ. ಕಿಲೋವಾಟಿಗೆ 70 ಮೈಕ್ರೊಫ್ಯಾರಡ್ ಲೆಕ್ಕದಲ್ಲಿ, 440 ವೋಲ್ಟಿನ ರನ್ನಿಂಗ್ ಕಂಡೆನ್ಸರ್‌ಗಳನ್ನು ಒಟ್ಟು ಸುಮಾರು 105 ಮೈಕ್ರೊಫ್ಯಾರಡ್ ಆಗುವಷ್ಟು ಕಟ್ಟಿದರೆ ಮೋಟಾರು ತಿರುಗುತ್ತದೆ. ಆದರೆ ಆರಂಭದ ಬಲ ಪೂರ್ಣ ಲೋಡಿನ ಮೂರನೇ ಒಂದು ಪಾಲಿನಷ್ಟೇ, ಕೆಲಸದ ಸಾಮರ್ಥ್ಯವೂ ಮೂರರಲ್ಲಿ ಎರಡು ಪಾಲಿನ ಆಸುಪಾಸು. ಮೇಲಾಗಿ ಫೇಸ್‌ಗಳ ಸಮತೋಲ ಒಂದೇ ಲೋಡಿಗೆ ಕೂಡಿಬರುವುದರಿಂದ, ಕಾಳು ಬೀಳುವುದು ಕಡಿಮೆಯಾದೊಡನೆ ಕಂಡೆನ್ಸರ್ ಬದಿಯ ಸುರುಳಿ ಕಾಯತೊಡಗುತ್ತದೆ. ಸಣ್ಣ ಫ್ಯಾನಿಗಾದರೆ ಸಾಕು, ಬೇಳೆಯ ಯಂತ್ರಕ್ಕಲ್ಲ.

ರೋಟರಿಯಲ್ಲಿ ಲೋಡಿಲ್ಲದ 3 ಎಚ್‌ಪಿಯ ಇನ್ನೊಂದು ಮೋಟಾರನ್ನು ತಿರುಗಲು ಬಿಟ್ಟು, ಅದರ ಸುರುಳಿಯಲ್ಲಿ ಹುಟ್ಟುವ ಮೂರನೇ ಫೇಸನ್ನು ಬಳಸುತ್ತೇವೆ. ಲೋಡಿನ ಏರಿಳಿತವನ್ನು ಇದು ಚೆನ್ನಾಗಿ ತಾಳುತ್ತದೆ, ಕೆಟ್ಟರೆ ಊರಿನ ರಿವೈಂಡಿಂಗ್ ಅಂಗಡಿಯಲ್ಲೇ ರಿಪೇರಿಯಾಗುತ್ತದೆ. ಸದ್ದು, ಸುಮ್ಮನೆ ತಿರುಗುವಾಗಲೂ ಸುಡುವ ಕರೆಂಟು, ಮತ್ತು ಶುರುವಾಗುವಾಗ ಮನೆಯ ದೀಪಗಳೆಲ್ಲ ಮಂಕಾಗುವಷ್ಟು ಎಳೆತ ಇದರ ದೋಷಗಳು.

ನನ್ನ ಆಯ್ಕೆ ಮನೆಯಲ್ಲೇ ಕಟ್ಟಿದ ಇನ್ವರ್ಟರ್. 230 ವೋಲ್ಟನ್ನು ಬ್ರಿಜ್ ರೆಕ್ಟಿಫೈಯರ್ 325 ವೋಲ್ಟಿನ ಡಿಸಿಯಾಗಿಸುತ್ತದೆ. ಐಜಿಬಿಟಿ ಎಂಬ ಆರು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಅದನ್ನು ಕತ್ತರಿಸಿ ಮೂರು ಫೇಸ್‌ ಮಾಡುತ್ತವೆ. ರಾತ್ರಿ ಲೈನ್ ವೋಲ್ಟೇಜ್ 260ಕ್ಕೆ ಏರಿದರೆ ಡಿಸಿ 367 ಮುಟ್ಟುವುದರಿಂದ ಫಿಲ್ಟರ್ ಕಂಡೆನ್ಸರ್‌ಗಳು 450 ವೋಲ್ಟಿನವು, ಐಜಿಬಿಟಿಗಳು 600 ವೋಲ್ಟಿನವು ಇರಬೇಕು. ಖಾಲಿ ಕಂಡೆನ್ಸರ್ ಒಮ್ಮೆಲೇ ಕರೆಂಟು ಎಳೆಯದಂತೆ ಸರಣಿಯಲ್ಲಿ ರೆಸಿಸ್ಟರ್ ಇಟ್ಟು, ಕಂಡೆನ್ಸರ್ ತುಂಬಿದ ಬಳಿಕ ಕರೆಂಟು ಆ ರೆಸಿಸ್ಟರನ್ನು ಬಿಟ್ಟು ರಿಲೇ ಮೂಲಕ ಹರಿಯುವಂತೆ ಮಾಡಬೇಕು. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರ್‌ಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಉಳಿಯುವುದರಿಂದ ಅದನ್ನು ಬರಿದು ಮಾಡುವ ರೆಸಿಸ್ಟರ್ ಕಡ್ಡಾಯ, ಮೀಟರಿನಲ್ಲಿ ನೋಡದೆ ಕೈ ಹಾಕಬಾರದು. ಒಂದೇ ಸಾಲಿನ ಮೇಲಿನ, ಕೆಳಗಿನ ಐಜಿಬಿಟಿಗಳು ಒಟ್ಟಿಗೆ ಆನ್ ಆಗಿ ಶಾರ್ಟ್ ಆಗದಂತೆ ನಡುವೆ ಸುಮಾರು 2 ಮೈಕ್ರೊಸೆಕೆಂಡಿನ ಬಿಡುವು ಕೊಟ್ಟಿದ್ದೇನೆ.

ಫ್ರೀಕ್ವೆನ್ಸಿಯನ್ನೂ ವೋಲ್ಟೇಜನ್ನೂ ಪ್ರತಿ ಹರ್ಟ್ಜಿಗೆ 4.6 ವೋಲ್ಟಿನಂತೆ ಒಟ್ಟಿಗೆ ನಿಧಾನವಾಗಿ ಏರಿಸಿದರೆ ಮೋಟಾರು ಎಳೆತವಿಲ್ಲದೆ ಶುರುವಾಗುತ್ತದೆ, ಕಾಳಿನ ಗಾತ್ರಕ್ಕೆ ತಕ್ಕ ವೇಗವನ್ನೂ ಇಟ್ಟುಕೊಳ್ಳಬಹುದು. ಬೇಳೆ ನುಚ್ಚಾಗುವುದು ಕಡಿಮೆಯಾದದ್ದು ನನಗೆ ಇದರ ಅತಿ ದೊಡ್ಡ ಲಾಭ. ಆದರೆ 25 ಹರ್ಟ್ಜಿಗಿಂತ ಕೆಳಗೆ ಮೋಟಾರಿನ ಸ್ವಂತ ಫ್ಯಾನಿನ ಗಾಳಿ ಸಾಲದು. 42 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ, ತೊಗರಿ ಹೊಟ್ಟಿನ ಧೂಳಿನ ನಡುವೆ, ಸರ್ಕ್ಯೂಟನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕನ್ನು ಮಾತ್ರ ಹೊರಗೆ ಬಿಡುವುದು ಅನಿವಾರ್ಯ.

ಎಲೆಕ್ಟ್ರಾನಿಕ್ಸಿನ ರೂಢಿಯಿಲ್ಲದವರಿಗೆ ರೋಟರಿಯೇ ವಾಸಿ. 3 ಎಚ್‌ಪಿ ದಾಟುವ ಯಂತ್ರವಾದರೆ ಈ ಮೂರನ್ನೂ ಬಿಟ್ಟು ತ್ರೀ ಫೇಸ್ ಸಂಪರ್ಕಕ್ಕೇ ಅರ್ಜಿ ಹಾಕಬೇಕು.