ರಿಮೋಟ್ ಕೆಳಗಿಡಿಸುವ ಸಿನಿಮಾಗಳು

ಟಿವಿಯಲ್ಲಿ ಅರ್ಧದಿಂದ ಸಿಕ್ಕಿದರೂ ಚಾನೆಲ್ ಬದಲಾಯಿಸಲು ಮನಸ್ಸು ಬರಬಾರದು. ಒಳ್ಳೆಯ ಸಿನಿಮಾಗೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಇಷ್ಟೇ. ಕಥೆ ಗೊತ್ತು, ಕೊನೆ ಗೊತ್ತು, ಅನ್ನ ಆರುತ್ತಿದೆ, ಆದರೂ ಕೂರಬೇಕು. ಗಳಿಕೆ, ಪ್ರಶಸ್ತಿ, ನೂರು ದಿನದ ಪೋಸ್ಟರ್ ಎಲ್ಲ ಆಮೇಲಿನ ಮಾತು.

ನಗುವುದಕ್ಕೆ 'ಗೌರಿ ಗಣೇಶ' (1991). ಫಣಿ ರಾಮಚಂದ್ರ ನಿರ್ದೇಶನ. ಅನಂತನಾಗ್ ಇಲ್ಲಿ ಲಂಬೋದರ, ಪಕ್ಕಾ ಫಟಿಂಗ. ತೀರಿಹೋದ ಹೆಣ್ಣೊಬ್ಬಳ ಡೈರಿ ಅವನ ಕೈಗೆ ಸಿಗುತ್ತದೆ. ಅದರಲ್ಲಿ ಹೆಸರಿದ್ದ ಮೂವರು ಗಂಡಸರ ಹತ್ತಿರ ಬೇರೆ ಬೇರೆಯಾಗಿ ಹೋಗಿ, ನಿಮ್ಮದೊಂದು ಮಗು ಇದೆ ಅಂತ ಹೆದರಿಸಿ ದುಡ್ಡು ಕೀಳುತ್ತಾನೆ. ಬರೆದರೆ ಅಸಹ್ಯ ಅನಿಸುವ ಕಥೆ, ಅಲ್ವಾ? ಪರದೆ ಮೇಲೆ ಹಾಗಾಗುವುದಿಲ್ಲ. ಸುಳ್ಳು ಹೇಳುವಾಗ ಅನಂತನಾಗ್ ಮುಖದಲ್ಲಿ ಎಂಥಾ ಕಾಳಜಿ! ಎದುರಿಗಿರುವವನು ಬೆವರುತ್ತಾನೆ, ನಾವು ಹೊಟ್ಟೆ ಹಿಡಿದುಕೊಳ್ಳುತ್ತೇವೆ.

ಭಯಕ್ಕೆ 'ನಾ ನಿನ್ನ ಬಿಡಲಾರೆ' (1979) ಒಂದೇ ಸಾಕು. ದೆವ್ವ ಮೆಟ್ಟಿಕೊಳ್ಳುವುದು ನಾಯಕಿಗಲ್ಲ, ನಾಯಕನಿಗೆ. ಅದೂ ಅನಂತನಾಗ್ ಅವರೇ. ಗ್ರಾಫಿಕ್ಸ್ ಇಲ್ಲದ ಕಾಲ, ಎಲ್ಲವನ್ನೂ ಅವರ ಕಣ್ಣೇ ಮಾಡಬೇಕು, ಮಾಡುತ್ತದೆ. ಕೊನೆಗೆ ರಾಘವೇಂದ್ರ ಸ್ವಾಮಿಗಳ ಮಹಿಮೆ ಬರುತ್ತದೆ. ಅಮ್ಮ ಆ ಭಾಗಕ್ಕೆ ಅಂತಲೇ ಅಡುಗೆಮನೆಯಿಂದ ಬರುತ್ತಾರೆ. ನನಗೆ ಅದಕ್ಕಿಂತ ಮೊದಲಿನದೇ ಇಷ್ಟ.

ಪ್ರೇಮಕಥೆಗೂ ಅನಂತನಾಗ್ ಹೆಸರೇ ಹೇಳಿದರೆ ಪಕ್ಷಪಾತ ಅನ್ನುತ್ತೀರಿ. ಅನ್ನಿ. 'ಬೆಳದಿಂಗಳ ಬಾಲೆ' (1995) ಬಿಟ್ಟು ಬೇರೆ ಹೆಸರು ನನಗೆ ಹೊಳೆಯುವುದಿಲ್ಲ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯನ್ನು ಸುನೀಲ್ ಕುಮಾರ್ ದೇಸಾಯಿ ಸಿನಿಮಾ ಮಾಡಿದ್ದು. ಚೆಸ್ ಗ್ರ್ಯಾಂಡ್‌ಮಾಸ್ಟರ್ ರೇವಂತನಿಗೆ ಗುರುತಿಲ್ಲದ ಹುಡುಗಿಯೊಬ್ಬಳು ಫೋನ್ ಮಾಡುತ್ತಾಳೆ. ನಾನು ಯಾರು ಅಂತ ನೀನೇ ಕಂಡುಹಿಡಿ ಅಂತ ಸವಾಲು ಹಾಕುತ್ತಾಳೆ. ಅಲ್ಲಿಂದ ಮುಂದೆ ನಮಗೆ ಸಿಗುವುದು ಅವಳ ದನಿ, ಅವಳು ಕೊಡುವ ಒಗಟು, ಫೋನಿಗಾಗಿ ಕಾಯುವ ಅವನು. ಪ್ರೀತಿಯನ್ನು ಪತ್ತೇದಾರಿ ಕಥೆಯ ಹಾಗೆ ಓಡಿಸಿದ್ದಾರೆ. ಕಾಲರ್ ಐಡಿ ಇರುವ ಈ ಕಾಲದಲ್ಲಿ ಈ ಕಥೆ ಶುರುವೇ ಆಗುವುದಿಲ್ಲ. ಕೊನೆ ಹೇಳುವುದಿಲ್ಲ, ನೋಡದವರು ನೋಡಿ.

ಅದೇ ದೇಸಾಯಿಯವರ 'ನಿಷ್ಕರ್ಷ' (1993) ಥ್ರಿಲ್ಲರ್ ಲೆಕ್ಕಕ್ಕೆ. ಬ್ಯಾಂಕಿಗೆ ದರೋಡೆಕೋರರು ನುಗ್ಗುತ್ತಾರೆ, ಒಳಗಿದ್ದವರು ಒತ್ತೆಯಾಳು, ಬಿಡಿಸಲು ಬರುವ ಕಮಾಂಡೋ ವಿಷ್ಣುವರ್ಧನ್. ಒಂದೂ ಹಾಡಿಲ್ಲ. ಎದ್ದು ಹೋಗಿ ಕಾಫಿ ಮಾಡಿಕೊಂಡು ಬರೋಣ ಅಂದರೆ ಜಾಗವೇ ಸಿಗುವುದಿಲ್ಲ.

ನನ್ನ ಪರೀಕ್ಷೆಯಲ್ಲಿ ಫೇಲಾದರೂ ಪಟ್ಟಿಯಿಂದ ತೆಗೆಯಲಾಗದ್ದು 'ಉಳಿದವರು ಕಂಡಂತೆ' (2014). ಮಧ್ಯದಿಂದ ನೋಡಿದರೆ ತಲೆಬುಡ ತಿಳಿಯುವುದಿಲ್ಲ. ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ, ಅವನ್ನು ಜೋಡಿಸಿಕೊಳ್ಳುವ ಕೆಲಸ ನಮ್ಮದು. ಮಲ್ಪೆಯ ಕಡಲು, ಹುಲಿವೇಷ, ಅಜನೀಶ್ ಲೋಕನಾಥ್ ಸಂಗೀತ. ರಕ್ಷಿತ್ ಶೆಟ್ಟಿಯ ರಿಚ್ಚಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ತಾರಾ ಅವರ ರತ್ನಕ್ಕನೇ ಹೆಚ್ಚು ಹಿಡಿಸಿದ್ದು. ಹೆಂಡತಿಗೆ ಮಾತ್ರ ಈ ಸಿನಿಮಾ ಸುಮ್ನೆ ತಲೆನೋವು.

ಇನ್ನು 'ತಿಥಿ'. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರೂ ಸೇರಿ ಬರೆದದ್ದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಗೆದ್ದು 2016ರಲ್ಲಿ ನಮ್ಮ ಥಿಯೇಟರಿಗೆ ಬಂತು. ನಾನು ಮಂಡ್ಯ ಕಡೆಯವನು. ಹಾಗಾಗಿ ಇದನ್ನು ಹಾಸ್ಯ ಅನ್ನಬೇಕೋ, ಸಾವಿನ ಕಥೆ ಅನ್ನಬೇಕೋ, ನೆಂಟರ ಮನೆ ಅನ್ನಬೇಕೋ ಗೊತ್ತಾಗುವುದಿಲ್ಲ. ನಟಿಸಿದವರು ಹಳ್ಳಿಯವರೇ. ದಾರಿಯಲ್ಲಿ ಹೋಗುವವರನ್ನೆಲ್ಲ ಬೈಯುತ್ತ ಕೂತ 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿಗೆ ಊರೆಲ್ಲ ಬಾಡೂಟಕ್ಕೆ ಕಾಯುತ್ತದೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಚಿಂತೆ. ಜಮೀನು ಬರಬೇಕಾದದ್ದು ಅಪ್ಪ ಗಡ್ಡಪ್ಪನಿಗೆ. ಗಡ್ಡಪ್ಪನಿಗೋ ಬೀಡಿ, ಬ್ರಾಂದಿ, ತಿರುಗಾಟ ಸಾಕು. ಆಗ ತಮ್ಮಣ್ಣ ಬದುಕಿರುವ ಅಪ್ಪನ ಹೆಸರಲ್ಲಿ ಮರಣ ಪತ್ರ ಮಾಡಿಸಿ, ಊರು ಬಿಟ್ಟು ಹೋಗು ಅಂತ ಕೈಗೆ ದುಡ್ಡು ಕೊಡುತ್ತಾನೆ. ಖಾತೆ, ಪಹಣಿ ಅಂತ ಅಲೆದವರಿಗೆ ಇದು ಉತ್ಪ್ರೇಕ್ಷೆ ಅನಿಸುವುದೇ ಇಲ್ಲ. ಕುರಿಗಾಹಿಗಳ ಜೊತೆ ಕೂತು ಗಡ್ಡಪ್ಪ ತನ್ನ ಕಥೆ ಹೇಳಿಕೊಳ್ಳುವ ದೃಶ್ಯ ಬಂದಾಗ ಮಾತ್ರ ನಮ್ಮ ಮನೆಯಲ್ಲಿ ಯಾರೂ ನಗುವುದಿಲ್ಲ.

ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ನೋಡುವ ಹಾಗಿಲ್ಲ, ಬೈಗುಳ ಜಾಸ್ತಿ. ನಮ್ಮ ಕಡೆ ಅವನ್ನು ಬೈಗುಳ ಅಂತ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಆ ಮಾತು ಬೇರೆ.